ಇತರೆ ಖರ್ಚು

ಓಡೆಟ್ ಪೆಲ್ಕಿಯ ಚುನಾವಣೆಯ ಲೆಕ್ಕ ಬರೆಯುವವನು ನಾನು.
ಕಾಗದದ ಗಿರಣಿಯಲ್ಲಿ ಮೂವತ್ತೊಂದು ವರ್ಷ
ಸಂಬಳದ ಪಟ್ಟಿ ಬರೆದ ಕೈ.
ಗಿರಣಿ ಮುಚ್ಚಿತು, ಕೈ ಸುಮ್ಮನಿರಲಿಲ್ಲ.

ಮೊದಲ ಸಲ ಅವಳು ನಿಂತಾಗ ಜಮಾ ಎಂದರೆ
ಕ್ಷೌರದಂಗಡಿಯ ಲ್ಯೂಡ್ಜರ್ ಕೊಟ್ಟ ಐದು ಡಾಲರು,
ಶಾಲೆಯ ಅಡುಗೆಮನೆಯ ಐವರು ಕೂಡಿಸಿದ ಇಪ್ಪತ್ತು,
ಕೆಲಿಹರ್ ಮುದುಕಿಯ ಒಂದು ಡಬ್ಬಿ ಚಿಲ್ಲರೆ.
ಅವಳ ಅಡುಗೆಮೇಜಿನ ಮೇಲೆ ಸುರಿದು ಎಣಿಸಿದೆವು,
ಹೊರಗೆ ಮೇನ್ ರಾಜ್ಯದ ಜನವರಿ,
ಕಿಟಕಿಯ ಗಾಜಿನ ಒಳಮೈಗೂ ಹಿಮ.
ನಡುವೆ ಒಂದು ಕೆನಡಾ ಕಾಸು ಸಿಕ್ಕಿತು.
‘ಇದನ್ನ ಎಲ್ಲಿ ಬರೀತೀಯ ಹೋರೇಸ್?’ ಎಂದು
ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಆಗಿನ ಕರಪತ್ರ ಇನ್ನೂ ನನ್ನ ಬಳಿ ಇದೆ.
ಒಂದು: ವೃದ್ಧರ ಆರೈಕೆಮನೆ ಮುಚ್ಚಬಾರದು.
ಎರಡು: ಆಂಬುಲೆನ್ಸು ಇಪ್ಪತ್ತು ನಿಮಿಷದೊಳಗೆ ಬರಬೇಕು.
ಮೂರು: ಬಾವಿಗಳ ನೀರು.
ಎರಡನೆಯ ಚುನಾವಣೆಗೆ ನೀರು ನಾಲ್ಕಕ್ಕಿಳಿಯಿತು,
ಹೆಸರೂ ಬದಲಾಗಿ ‘ಪರಿಸರ’ವಾಯಿತು.
ಮೂರನೆಯದರಲ್ಲಿ ಆ ಜಾಗದಲ್ಲಿ
ಅವಳ ನಾಯಿಯ ಫೋಟೋ. ಒಳ್ಳೆಯ ನಾಯಿ.

ಜಮಾ ಬದಿಯೂ ಬದಲಾಗಿತ್ತು.
ಒಂದೇ ದಿನಾಂಕದ ಏಳು ಚೆಕ್ಕು,
ಪೋರ್ಟ್‌ಲ್ಯಾಂಡಿನ ಒಂದೇ ಬೀದಿ, ಒಂದೇ ಮಹಡಿ,
ಪ್ರತಿಯೊಂದೂ ಕಾನೂನಿನ ಮಿತಿಗೆ ಸರಿಯಾಗಿ,
ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಮ್ಮಿಯಿಲ್ಲ.
ವೃತ್ತಿ ಎಂಬಲ್ಲಿ: ವಕೀಲ, ವಕೀಲ, ಸಲಹೆಗಾರ, ಗೃಹಿಣಿ,
ಮತ್ತೊಬ್ಬ ವಕೀಲ, ನಿವೃತ್ತ, ವಿದ್ಯಾರ್ಥಿ.
ವಿದ್ಯಾರ್ಥಿ!
ನಾನು ಬರೆದುಕೊಂಡೆ. ಬರೆಯುವುದು ನನ್ನ ಕೆಲಸ.

ಅವಳ ಮತಗಳದ್ದೂ ಒಂದು ಪುಸ್ತಕ ಇಟ್ಟಿದ್ದೇನೆ,
ಯಾರೂ ಕೇಳಿದ್ದಲ್ಲ.
ಆರೈಕೆಮನೆಗಾಗಿ ತನ್ನ ಪಕ್ಷದ ಎದುರೇ ನಿಂತಳು,
ಆ ರಾತ್ರಿ ಅವಳ ಜೊತೆ ಊಟಕ್ಕೆ ಕೂತವರಿಲ್ಲ.
ನನ್ನ ಅಕ್ಕ ಇವತ್ತು ಅಲ್ಲೇ ಮಲಗಿದ್ದಾಳೆ, ಬೆಚ್ಚಗೆ.
ಇದನ್ನು ಮರೆತರೆ ನಾಲಗೆಯಲ್ಲಿ ಹುಳ ಬೀಳುತ್ತದೆ.

ಮಸೂದೆ ಸಾವಿರದ ನಾನೂರ ಹದಿನೇಳು:
ಗಿರಣಿಯ ಕೆಸರನ್ನು ಗೊಬ್ಬರವೆಂದು ಸುರಿದ ಹೊಲಗಳ
ಬಾವಿಗಳನ್ನೆಲ್ಲ ಪರೀಕ್ಷಿಸಬೇಕು,
ಸುರಿದವರು ಖರ್ಚು ಕೊಡಬೇಕು.
ಅವಳ ಹೆಸರಿನ ಮುಂದೆ: ಗೈರು.
ಕಾರಿಡಾರಿನಲ್ಲಿದ್ದಳಂತೆ, ಫೋನು ಬಂದಿತ್ತಂತೆ.
ನಾಲ್ಕು ಮತಗಳಿಂದ ಬಿತ್ತು.
ಅವಳೊಬ್ಬಳು ಇದ್ದಿದ್ದರೂ ಬೀಳುತ್ತಿತ್ತು
ಎನ್ನುತ್ತದೆ ಲೆಕ್ಕ. ಲೆಕ್ಕಕ್ಕೆ ನಾಚಿಕೆಯಿಲ್ಲ.
ಆ ಕೆಸರಿನ ಲಾರಿ ಓಡಿಸಿದವರಿಗೆ
ಶನಿವಾರದ ಹೆಚ್ಚುವರಿ ಕೂಲಿ ಬರೆದವನು ಯಾರು ಎಂದು
ನೀವು ಕೇಳಬಹುದು.
ಕೇಳಿ.

ನಿನ್ನೆ ಬೂಟಿನ ಪೆಟ್ಟಿಗೆಯಲ್ಲಿ ರಸೀದಿಗಳನ್ನು ತಂದಿಟ್ಟು ಹೋದಳು.
ಪೆಟ್ರೋಲು, ಗೋಡೆಗೆ ಅಂಟಿಸುವ ಬಣ್ಣದ ಹಾಳೆ, ಪಿಜ್ಜಾ,
ಮತ್ತೆ ಪ್ರತಿ ಸೋಮವಾರ
ನೀರಿನ ಕ್ಯಾನು, ಇಪ್ಪತ್ತು ಲೀಟರಿನವು, ಎರಡೆರಡು.
ಇಳಿಸಿದ ವಿಳಾಸ ಕಚೇರಿಯದಲ್ಲ, ಮನೆಯದು.
ಮೊದಲ ರಸೀದಿ ಮಾರ್ಚ್ ಒಂಬತ್ತು.
ಮಸೂದೆ ಬಿದ್ದದ್ದು ಏಪ್ರಿಲ್‌ನಲ್ಲಿ.
ಕಟ್ಟಿನ ಮೇಲೆ ಹಳದಿ ಚೀಟಿ, ಅವಳ ಗುಂಡು ಅಕ್ಷರ:
‘ಇತರೆ.’

ಉಪ್ಪು ತಿಂದವರು ನೀರು ಕುಡಿಯಲೇಬೇಕು.
ಯಾವ ನೀರು ಎಂದು ಗಾದೆ ಹೇಳಿಲ್ಲ.

ಅವಳ ಮನೆ ದಿಬ್ಬದ ಮೇಲೆ.
ನನ್ನ ಬಾವಿ ಅಲ್ಲಿಂದ ಮುನ್ನೂರು ಗಜ, ಇಳಿಜಾರಿಗೆ.
ಇಪ್ಪತ್ತು ವರ್ಷದಿಂದ ಬೇಲಿಯಾಚೆಯಿಂದ
ಕೈಬೀಸುತ್ತಾಳೆ. ಇವತ್ತು ಬೆಳಿಗ್ಗೆಯೂ ಬೀಸಿದಳು,
ನಾನೂ ಬೀಸಿದೆ, ಕೈಗೆ ಅದು ಅಭ್ಯಾಸ.

ಸಂಜೆ ಐದಕ್ಕೆ ಗಡುವು.
ಫಾರಮಿನ ಕೊನೆಗೆ ಖಜಾಂಚಿಯ ಸಹಿ:
‘ನನಗೆ ತಿಳಿದ ಮಟ್ಟಿಗೆ ಸತ್ಯ.’
ಪೆನ್ಸಿಲು ಬಿಟ್ಟು ಪೆನ್ನು ತೆಗೆದೆ.
ಇತರೆ ಎಂಬ ಕಾಲಂ ಖಾಲಿ ಬಿಟ್ಟು
ಹೊಸ ಸಾಲಿನಲ್ಲಿ ಬರೆದೆ: ನೀರು.
ದಿನಾಂಕ ಬರೆದೆ. ವಿಳಾಸ ಬರೆದೆ.
ಹೋರೇಸ್ ಮಿಶೋ ಎಂದು ಸಹಿ ಹಾಕಿದೆ.

ಪಕ್ಕದಲ್ಲಿ ಕಾಫಿ ಆರಿತ್ತು.
ಅರ್ಧ ಆಗಲೇ ಕುಡಿದಿದ್ದೆ.